ಸ್ವಲ್ಪ ಒಳಗೆ ಹೋಗಿ ಬಂದರೆ ಏನಾಗುತ್ತೆ?

ಪ್ರಶ್ನೆ: ನನ್ನ ಹತ್ತಿರ ಓಪನ್ ವಾಟರ್ (ಮೇಲೆ ಬಂಡೆಯಿಲ್ಲದ ತೆರೆದ ನೀರು) ಡೈವಿಂಗ್ ಸರ್ಟಿಫಿಕೇಟ್ ಇದೆ, ಸಮುದ್ರದಲ್ಲಿ 30 ಸಲ ಇಳಿದಿದ್ದೇನೆ. ಈಗ ನೀರಿನಡಿಯ ಗುಹೆ ನೋಡುವ ಆಸೆ. ನೀರು ಕನ್ನಡಿ ಥರ ಇರುತ್ತೆ, ಟಾರ್ಚ್ ಹಿಡಿದು ಇಪ್ಪತ್ತು ಮೀಟರ್ ಹೋಗಿ ಬಂದರಾಯ್ತು ಅಂತಾನೆ ಗೆಳೆಯ. ಹೋಗಬಹುದಾ?

ಉತ್ತರ: ಬೇಡ. ಆ ತಿಳಿನೀರೇ ಮೋಸ ಮಾಡೋದು. ಗುಹೆಯೊಳಗೆ ಎಷ್ಟೋ ಕಡೆ ನುಣ್ಣನೆಯ ಹೂಳು ಕದಡುವವರಿಲ್ಲದೆ ಸುಮ್ನೆ ಕೂತಿರುತ್ತದೆ. ಸಮುದ್ರದಲ್ಲಿ ಬಡಿಯುವ ಹಾಗೆ ಕಾಲಿಗೆ ಹಾಕುವ ಫಿನ್ ಒಂದು ಸಲ ಮೇಲೆ ಕೆಳಗೆ ಬಡಿದರೆ ಸಾಕು, ಎಲ್ಲ ಏಳುತ್ತದೆ. ನಿಮ್ಮ ಉಸಿರಿನ ಗುಳ್ಳೆಗಳು ಮೇಲಿನ ಕಲ್ಲಿಗೆ ತಾಗಿ ಅಲ್ಲಿನ ಮಣ್ಣನ್ನೂ ಉದುರಿಸುತ್ತವೆ. ಆಮೇಲೆ ಟಾರ್ಚ್ ಹಾಕಿದರೆ ಮಂಜಿನಲ್ಲಿ ಹೈ ಬೀಮ್ ಹಾಕಿದ ಹಾಗೆ, ಬೆಳಕು ವಾಪಸ್ ನಿಮ್ಮ ಕಣ್ಣಿಗೇ. ಸಮುದ್ರದಲ್ಲಾದರೆ ನಿಧಾನಕ್ಕೆ ಮೇಲೆ ಬರುತ್ತೀರಿ. ಇಲ್ಲಿ ಮೇಲೆ ಬಂಡೆ, ಅಲ್ವಾ?

ಕಲಿತವರು ಹೊರಗೆ ಬೆಳಕಿರುವ ಜಾಗದಿಂದಲೇ ಗೈಡ್‌ಲೈನ್ ಕಟ್ಟಿಕೊಂಡು ಹೋಗುತ್ತಾರೆ. ಒಂದು ತೆಳ್ಳನೆ ನೈಲಾನ್ ಹುರಿ, ಅಷ್ಟೇ. ಕಣ್ಣು ಕಾಣದಾಗ ಹೆಬ್ಬೆರಳು, ತೋರುಬೆರಳು ಸೇರಿಸಿ ಉಂಗುರ ಮಾಡಿ, ಹುರಿಯನ್ನು ಎಳೆಯದೆ ಅದರೊಳಗೆ ಜಾರಿಸುತ್ತಾ ಹೊರಗೆ ಬರಬೇಕು. ಹುರಿಗೆ ಸಿಕ್ಕಿಸಿದ ಪ್ಲಾಸ್ಟಿಕ್ ಬಾಣ ಬೆರಳಿಗೆ ಸಿಗುತ್ತದೆ, ಅದರ ಚೂಪು ತುದಿ ಇರುವ ಕಡೆ ಬಾಗಿಲು. ಟಾರ್ಚ್ ಒಬ್ಬೊಬ್ಬರಿಗೆ ಕನಿಷ್ಠ ಮೂರು.

ಗಾಳಿಯ ಲೆಕ್ಕವೂ ಬೇರೆ. ಸಿಲಿಂಡರಿನ ಮೂರನೇ ಒಂದು ಪಾಲು ಹೋಗಲು, ಒಂದು ಪಾಲು ಬರಲು, ಉಳಿದದ್ದು ಆಪತ್ತಿಗೆ. ಸಿಲಿಂಡರಿನೊಳಗಿನ ಒತ್ತಡ 210 ಬಾರ್ ಇದ್ದರೆ 140ಕ್ಕೆ ಇಳಿದ ಕೂಡಲೇ ವಾಪಸ್, ಮುಂದೆ ಎಷ್ಟೇ ಚೆಂದ ಕಾಣಲಿ. ಗುಹೆಯ ತುದಿಯಲ್ಲಿ ಜೊತೆಗಾರನ ಗಾಳಿ ಕೈಕೊಟ್ಟರೆ ಇಬ್ಬರೂ ನಿಮ್ಮ ಸಿಲಿಂಡರಿನಲ್ಲೇ ಬರಬೇಕಲ್ಲ, ಅದಕ್ಕೆ. ಆಗಲೂ ಲೆಕ್ಕ ಕೂದಲೆಳೆಯಷ್ಟೇ ಸರಿಹೋಗುತ್ತದೆ. ಗಾಬರಿಯಲ್ಲಿ ಉಸಿರು ಜಾಸ್ತಿ ಓಡುತ್ತೆ, ಹಾಗಾಗಿ ಇನ್ನೂ ಹೆಚ್ಚು ಉಳಿಸಿಕೊಳ್ಳುವವರಿದ್ದಾರೆ. 30 ಮೀಟರ್ ಆಳದಲ್ಲಿ ಒತ್ತಡ ಮೇಲಿನ ನಾಲ್ಕು ಪಟ್ಟು, ಗಾಳಿ ಖರ್ಚಾಗುವುದೂ ಅಷ್ಟೇ ಬೇಗ.

ಫ್ಲಾರಿಡಾದ ಗುಹೆಗಳ ಬಾಯಲ್ಲಿ ಕುಡುಗೋಲು ಹಿಡಿದ ಅಸ್ಥಿಪಂಜರದ ಚಿತ್ರವಿರುವ ಬೋರ್ಡ್ ಇದೆ. ಓಪನ್ ವಾಟರ್ ಕಲಿಸುವ ಗುರುಗಳೇ ಇಂಥಲ್ಲಿ ಸತ್ತಿದ್ದಾರೆ, ಮುಂದೆ ಹೋಗಬೇಡಿ ಅಂತ ಬರೆದಿದೆ. ಅಂದ ಮೇಲೆ ನಿಮ್ಮ 30 ಡೈವ್ ಯಾವ ಲೆಕ್ಕ? (ಬೇಜಾರು ಮಾಡ್ಕೋಬೇಡಿ.)

ಆಸೆ ಬಿಡಬೇಕಿಲ್ಲ. ಮೆಕ್ಸಿಕೋದ ಯುಕಾಟಾನ್‌ನಲ್ಲಿ ಸೆನೋಟೆ ಅನ್ನುವ ಸುಣ್ಣಕಲ್ಲಿನ ನೀರುಗುಂಡಿಗಳಿವೆ. ಅಲ್ಲಿ ತರಬೇತಾದ ಗೈಡ್ ಜೊತೆ, ಬಾಗಿಲಿನ ಹಗಲು ಬೆಳಕು ಕಾಣುವಷ್ಟೇ ದೂರ ಹೋಗಿ ಬರಬಹುದು. ಅದು ಹಿಡಿಸಿದರೆ ಕೇವ್ ಕೋರ್ಸ್ ಸೇರಿ. ಟಾರ್ಚ್ ಆರಿಸಿ, ಕಣ್ಣು ಮುಚ್ಚಿಸಿ, ಹುರಿ ಹಿಡಿದು ಹೊರಗೆ ಬರುವುದನ್ನು ಅಲ್ಲಿ ಮತ್ತೆ ಮತ್ತೆ ಮಾಡಿಸುತ್ತಾರೆ. ಆ ಗೆಳೆಯನನ್ನೂ ಕರೆದುಕೊಂಡು ಹೋಗಿ.