ಕೈಕೆಲಸದ ಪ್ರಶ್ನೋತ್ತರ: ಅರ್ಧಕ್ಕೆ ನಿಂತ ಮೂರು ಕೆಲಸ

ಪ್ರಶ್ನೆ: ಅಕ್ಕ, ನನ್ನ ಹತ್ತಿರ ಈಗ ಮೂರು ಕೆಲಸ ಅರ್ಧಕ್ಕೆ ನಿಂತಿವೆ. ದಪ್ಪ ಕಾಗದದ ಪುಟ್ಟ ಡಬ್ಬಿಗಳ ಒಂದು ಸೆಟ್, ತಕಲಿಯಲ್ಲಿ (ಕೈಯಲ್ಲಿ ತಿರುಗಿಸಿ ನೂಲು ತೆಗೆಯುವ ಕಡ್ಡಿ) ನೂಲುತ್ತಿರುವ ಹತ್ತಿ, ದಿಂಬಿನ ಕವರಿನ ಮೇಲೆ ಎಲೆಬಳ್ಳಿಯ ಕಸೂತಿ. ಒಂದನ್ನು ಕೈಗೆತ್ತಿಕೊಂಡರೆ ಇನ್ನೊಂದು ನೆನಪಾಗುತ್ತದೆ. ನಮ್ಮ ಮನೆಯವರು "ಒಂದನ್ನಾದರೂ ಮುಗಿಸು, ಉಳಿದದ್ದು ಬಿಟ್ಟುಬಿಡು" ಅನ್ನುತ್ತಾರೆ. ಬಿಡಬೇಕಾ?
– ಮೂರರ ನಡುವೆ ಸಿಕ್ಕಿಕೊಂಡವಳು

ಉತ್ತರ: ಬಿಡಬೇಡಿ. ಮೂರು ಕೆಲಸ ಇರುವುದು ತೊಂದರೆಯಲ್ಲ. ಎಲ್ಲಿಗೆ ನಿಲ್ಲಿಸಿ ಎದ್ದಿರಿ ಅನ್ನುವುದರಲ್ಲಿ ತೊಂದರೆ ಇದೆ.

ಕಸೂತಿಯನ್ನೇ ತೆಗೆದುಕೊಳ್ಳಿ. ನಮ್ಮಲ್ಲಿ ಬಹಳ ಜನ ಒಂದು ಎಲೆ ಪೂರ್ತಿ ತುಂಬಿ, ದಾರ ಕತ್ತರಿಸಿ, ಬಟ್ಟೆ ಮಡಚಿಟ್ಟು ಏಳುತ್ತಾರೆ. ನೋಡಲು ಅಚ್ಚುಕಟ್ಟು. ಆದರೆ ಮತ್ತೆ ತೆಗೆದಾಗ ಬಣ್ಣ ಹುಡುಕಬೇಕು, ಎಳೆ ಬಿಡಿಸಬೇಕು, ಸೂಜಿ ಪೋಣಿಸಬೇಕು, ಮುಂದಿನ ಎಲೆಗೆ ಯಾವ ಹಸಿರು ಅಂತ ಯೋಚಿಸಬೇಕು. ಇಷ್ಟೆಲ್ಲ ಕಾದಿದೆ ಅಂತ ಗೊತ್ತಿರುವುದರಿಂದಲೇ ಕೈ ಆ ಚೀಲದ ಕಡೆ ಹೋಗುವುದಿಲ್ಲ. ಹಾಗಾಗಿ ಎಲೆಯ ನಡುವೆ ನಿಲ್ಲಿಸಿ. ಸೂಜಿಯಲ್ಲಿ ಇನ್ನೂ ಗೇಣುದ್ದ ದಾರ ಇರಲಿ. ಮುಂದಿನ ಹೊಲಿಗೆ ಎಲ್ಲಿ ಬೀಳಬೇಕು ಅಂತ ನೋಡಿದ ಕೂಡಲೇ ಗೊತ್ತಾಗಲಿ. ಸೂಜಿಯನ್ನು ಮಾತ್ರ ಚಿತ್ರದ ಒಳಗೆ ಚುಚ್ಚಿಡಬೇಡಿ, ಬಟ್ಟೆಯ ಅಂಚಿಗೆ ಚುಚ್ಚಿ. ತೇವಕ್ಕೆ ತುಕ್ಕು ಹಿಡಿದರೆ ಆ ಕಲೆ ತೆಗೆಯುವುದು ಬಹಳ ಕಷ್ಟ. ಬಟ್ಟೆ ಬಿಗಿದಿಡುವ ರಿಂಗನ್ನೂ ಬಿಚ್ಚಿಡಿ. ದಿನಗಟ್ಟಲೆ ಬಿಗಿದಿಟ್ಟರೆ ಸುತ್ತ ಗೆರೆ ಕೂರುತ್ತದೆ. ಆ ಗೆರೆಯಲ್ಲಿ ಧೂಳೂ ಸೇರಿಕೊಂಡರೆ ಇಸ್ತ್ರಿಗೂ ಬಗ್ಗುವುದಿಲ್ಲ.

ಕಾಗದದ್ದು ಇದರ ಉಲ್ಟಾ. ಅಲ್ಲಿ ನಡುವೆ ಏಳುವಂತಿಲ್ಲ. ಅಂಟು ಹಚ್ಚಿದ ಅಂಚು ನಿಮಗಾಗಿ ಕಾಯುವುದಿಲ್ಲ. ಎಲ್ಲ ತುಂಡು ಕತ್ತರಿಸಿ, ಮಡಿಕೆಯ ಗೆರೆಗಳನ್ನು ಒತ್ತಿ, ಅಂಟಿನ ಬಾಟಲಿಯ ಮುಚ್ಚಳ ತೆಗೆಯುವ ಮುಂಚೆ ನಿಲ್ಲಿಸಿ. ಗೆರೆ ಒತ್ತಲು ಇಂಕು ಮುಗಿದ ಬಾಲ್‌ಪೆನ್ ಸಾಕು, ಅದಕ್ಕೆ ಬೇರೆ ಸಾಮಾನು ಬೇಕಿಲ್ಲ. ಪ್ರತಿ ತುಂಡಿನ ಹಿಂದೆ ಪೆನ್ಸಿಲಿನಲ್ಲಿ ಒಂದು ನಂಬರು ಬರೆಯಿರಿ. ಯಾವ ಮಡಿಕೆ ಒಳಕ್ಕೆ, ಯಾವುದು ಹೊರಕ್ಕೆ ಅಂತಲೂ ಗುರುತು ಬೇಕು. ಅದಕ್ಕೆ ಒಳ್ಳೆಯ ಗುರುತುಗಳು ಆಗಲೇ ಇವೆ. ಜಪಾನಿನ ಅಕಿರಾ ಯೋಶಿಜಾವಾ (1911–2005) ಕಾಗದ ಮಡಚುವ ಕಲೆಯಾದ ಒರಿಗಾಮಿಗೆ ರೂಪಿಸಿದ ಗೆರೆ ಮತ್ತು ಬಾಣದ ಪದ್ಧತಿಯನ್ನೇ ಇವತ್ತು ಎಲ್ಲ ಕಡೆ ಬಳಸುತ್ತಾರೆ. ಈಗ ಚಾಲ್ತಿಯಲ್ಲಿರುವಂತೆ ತುಂಡು ತುಂಡು ಗೆರೆ ಅಂದರೆ ಕಣಿವೆ ಮಡಿಕೆ, ಅಂದರೆ ಒಳಕ್ಕೆ; ಗೆರೆಯ ನಡುವೆ ಚುಕ್ಕಿ ಇದ್ದರೆ ಬೆಟ್ಟ ಮಡಿಕೆ, ಅಂದರೆ ಹೊರಕ್ಕೆ. ಡಬ್ಬಿಗೂ ಇದೇ ಸಾಕು. ಹದಿನೈದು ದಿನ ಬಿಟ್ಟು ತೆಗೆದರೂ ಅರ್ಥವಾಗುತ್ತದೆ.

ಇನ್ನು ತಕಲಿ. ಎಳೆದ ನೂಲನ್ನೆಲ್ಲ ಸುತ್ತಿ, ಕೊಕ್ಕೆಗೆ ಸಿಕ್ಕಿಸಿ, ಹಂಜಿಯ (ನೂಲಲು ಸುತ್ತಿಟ್ಟ ಹತ್ತಿಯ ಸುರುಳಿ) ಕೊನೆಯಲ್ಲಿ ಒಂದಿಷ್ಟು ಬಿಡಿ ಹತ್ತಿ ನೂಲಿಗೆ ಅಂಟಿಕೊಂಡೇ ಇರುವ ಹಾಗೆ ನಿಲ್ಲಿಸಿ. ಆಗ ಮತ್ತೆ ಸೇರಿಸುವ ಗೋಜಿಲ್ಲ. ಇನ್ನೊಂದು ವಿಷಯವಿದೆ, ಇದನ್ನು ಬಹಳ ಜನ ಗಮನಿಸುವುದಿಲ್ಲ. ಆಗಷ್ಟೇ ನೂತ ನೂಲನ್ನು ಸಡಿಲ ಬಿಟ್ಟರೆ ತನ್ನಷ್ಟಕ್ಕೆ ಸುರುಳಿ ಸುತ್ತಿಕೊಳ್ಳುತ್ತದೆ. ಅದೇ ನೂಲು ತಕಲಿಯ ಮೇಲೆ ಕೆಲವು ದಿನ ಕೂತರೆ ತಣ್ಣಗಾಗುತ್ತದೆ, ಹುರಿಯೇ (ನೂಲಿನ ತಿರುಚು) ಇಲ್ಲವೇನೋ ಅನ್ನಿಸುತ್ತದೆ. ಹುರಿ ಎಲ್ಲಿಗೂ ಹೋಗಿಲ್ಲ, ಒದ್ದೆ ಮಾಡಿದರೆ ಎದ್ದು ಬರುತ್ತದೆ. ಇದು ಗೊತ್ತಿಲ್ಲದವರು ಬಿಡುವು ಕೊಟ್ಟು ಬಂದ ಮೇಲೆ "ಹುರಿ ಕಮ್ಮಿಯಾಗಿದೆ" ಅಂತ ಜಾಸ್ತಿ ತಿರುಗಿಸುತ್ತಾರೆ. ಮೊದಲರ್ಧ ಒಂದು ಥರ, ಉಳಿದರ್ಧ ಇನ್ನೊಂದು ಥರ. ಇದಕ್ಕೆ ಉಪಾಯ ಸುಲಭ. ಶುರುವಿನಲ್ಲೇ ಹೊಸ ನೂಲಿನ ಒಂದು ಮೊಳ ತೆಗೆದು, ಅರ್ಧಕ್ಕೆ ಮಡಚಿ, ಅದು ತಾನೇ ಸುತ್ತಿಕೊಂಡ ಮೇಲೆ ಒಂದು ರಟ್ಟಿಗೆ ಕಟ್ಟಿಡಿ. ಪ್ರತಿ ಸಲ ಕೂತಾಗ ಹೊಸದಾಗಿ ನೂತ ತುಂಡನ್ನು ಹಾಗೇ ಮಡಚಿ ಪಕ್ಕದಲ್ಲಿಟ್ಟು ನೋಡಿ.

ಮೂರು ಚೀಲದಲ್ಲೂ ಒಂದೊಂದು ಚೀಟಿ ಇರಲಿ. ಕಸೂತಿಯದರಲ್ಲಿ ದಾರದ ನಂಬರು, ಎಷ್ಟು ಎಳೆ. ಕಾಗದದ್ದರಲ್ಲಿ ಹಾಳೆ ಎಷ್ಟು ಜಿಎಸ್ಎಂ, ಅಂದರೆ ಚದರ ಮೀಟರಿಗೆ ಎಷ್ಟು ಗ್ರಾಂ. ಎಲ್ಲದರಲ್ಲೂ ಕೊನೆಗೆ ಒಂದೇ ಸಾಲು: "ಇನ್ನು ಮಾಡಬೇಕಾದದ್ದು". ಅದು "ಕವರ್ ಮುಗಿಸುವುದು" ಅಂತ ಇರಬಾರದು. "ಎಡಗಡೆ ಮೂರನೇ ಎಲೆಯ ಕೆಳಭಾಗ" ಅಂತ ಇರಬೇಕು.

ಸಮಯ ಹಂಚುವುದು ಹೇಗೆ ಅಂತ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ವಾರದ ಟೈಮ್‌ಟೇಬಲ್ ಹಾಕಬೇಡಿ, ಯಾರೂ ಪಾಲಿಸುವುದಿಲ್ಲ. ಕಣ್ಣು, ಮೇಜು, ಕೈ, ಈ ಮೂರನ್ನು ನೋಡಿ ಹಂಚಿ. ಕಸೂತಿಗೆ ಕಣ್ಣು ಬೇಕು, ಅದಕ್ಕೆ ಹಗಲಿನ ಬೆಳಕು ಕೊಡಿ. ಕಡು ನೀಲಿಯನ್ನೂ ಕಪ್ಪನ್ನೂ ರಾತ್ರಿ ದೀಪದಲ್ಲಿ ಬೇರೆ ಮಾಡುವ ಸಾಹಸ ಬೇಡ. ಕಾಗದಕ್ಕೆ ಖಾಲಿ ಮೇಜು ಬೇಕು. ನೂಲುವುದಕ್ಕೆ ಬೆರಳಿನ ಸ್ಪರ್ಶ ಸಾಕು, ಮಬ್ಬು ಬೆಳಕಿನಲ್ಲೂ, ಮಾತಾಡುತ್ತಲೂ ಆಗುತ್ತದೆ. ಅಂಟು ಒಣಗುವ ಹೊತ್ತು ಇದೆಯಲ್ಲ, ಅದು ತಕಲಿಯ ಹೊತ್ತು. ಹೀಗೆ ನೋಡಿದರೆ ಈ ಮೂರೂ ಒಂದಕ್ಕೊಂದು ಅಡ್ಡ ಬರುವುದೇ ಇಲ್ಲ. ಮನೆಯವರಿಗೆ ಒಂದು ತಕಲಿ ಕೊಟ್ಟು ನೋಡಿ, ಆಮೇಲೆ ಸಲಹೆ ಕಮ್ಮಿಯಾಗಬಹುದು.

ಪ್ರಶ್ನೆ: ಒಂದೇ ಮೇಜಿನಲ್ಲಿ ಎಲ್ಲ ಮಾಡುತ್ತೇನೆ. ಹತ್ತಿಯ ನಾರು ಅಂಟಿಗೆ ಮೆತ್ತಿಕೊಳ್ಳುತ್ತದೆ, ಅಂಟಿನ ಕೈ ದಾರಕ್ಕೆ ತಗಲುತ್ತದೆ. ಕತ್ತರಿಯೂ ಮೊಂಡಾಗಿದೆ.
– ಒಂದೇ ಮೇಜಿನವಳು

ಉತ್ತರ: ಮೊದಲು ಕಸೂತಿ, ಆಮೇಲೆ ಕಾಗದ, ಕೊನೆಗೆ ಹತ್ತಿ. ಕಸೂತಿಗೆ ಕೈ ಶುದ್ಧವಾಗಿರಬೇಕು, ಅದಕ್ಕೆ ಅದು ಮೊದಲು. ಬೆರಳ ಮೇಲೆ ಒಣಗಿದ ಅಂಟಿನ ಸಣ್ಣ ಚೂರಿದ್ದರೂ ರೇಷ್ಮೆ ಎಳೆ ಸಿಕ್ಕಿ ಮೇಲೇಳುತ್ತದೆ. ಹತ್ತಿಯ ನಾರು ಎಲ್ಲ ಕಡೆ ಹಾರುವುದರಿಂದ ಅದು ಕೊನೆಗೆ. ಒದ್ದೆ ಬಟ್ಟೆಯಲ್ಲಿ ಮೇಜು ಒರೆಸಿದರೆ ಆಯಿತು, ಗುಡಿಸಬೇಡಿ, ಇನ್ನಷ್ಟು ಹಾರುತ್ತದೆ. ಅಂಟು ಒಣಗುವಾಗ ನೂಲುವುದಾದರೆ ಮೇಜು ಬಿಟ್ಟು ಬೇರೆ ಕುರ್ಚಿಗೆ ಹೋಗಿ.

ಕತ್ತರಿ ವಿಷಯದಲ್ಲಿ ನಾನು ಯಾರಿಗೂ ರಿಯಾಯಿತಿ ಕೊಡುವುದಿಲ್ಲ. ಕಾಗದದ ಕತ್ತರಿ ಬೇರೆ, ಬಟ್ಟೆಯದು ಬೇರೆ. ಕಾಗದದಲ್ಲಿ ನಾರಿನ ಜೊತೆ ಸುಣ್ಣಕಲ್ಲಿನ ಪುಡಿ, ಜೇಡಿಯ ಪುಡಿಯಂಥ ಖನಿಜಗಳನ್ನು ಸೇರಿಸಿರುತ್ತಾರೆ. ಅಲಗು ಅದಕ್ಕೇ ಬೇಗ ಸವೆಯುತ್ತದೆ. ಬಟ್ಟೆಯ ಕತ್ತರಿಯ ಹಿಡಿಗೆ ಒಂದು ಕೆಂಪು ದಾರ ಕಟ್ಟಿ, ಮನೆಯಲ್ಲಿ ಎಲ್ಲರಿಗೂ ಹೇಳಿಬಿಡಿ.

ಪ್ರಶ್ನೆ: ನಾನೇ ನೂತ ಹತ್ತಿ ನೂಲಿನಲ್ಲಿ ಕಸೂತಿ ಹಾಕಬಹುದಾ? ಒಂದು ಸಲ ಪ್ರಯತ್ನಿಸಿದೆ. ನಾಲ್ಕು ಹೊಲಿಗೆಗೆ ನೂಲು ನಾರುನಾರಾಗಿ ಕಿತ್ತುಹೋಯಿತು.
– ತಕಲಿಪ್ರಿಯೆ

ಉತ್ತರ: ಹಾಕಬಹುದು, ಆದರೆ ತಕಲಿಯಿಂದ ಇಳಿಸಿದ ಒಂಟಿ ಎಳೆಯಲ್ಲಿ ಬೇಡ. ಹತ್ತಿಯ ನಾರು ಬಹಳ ಗಿಡ್ಡ, ಹೆಚ್ಚಾಗಿ ಎರಡು ಮೂರು ಸೆಂಟಿಮೀಟರ್ ಅಷ್ಟೇ. ಹುರಿಯೊಂದೇ ಅದನ್ನು ಹಿಡಿದಿರುತ್ತದೆ. ಪ್ರತಿ ಹೊಲಿಗೆಗೂ ಬಟ್ಟೆ ಆ ಎಳೆಯನ್ನು ಉಜ್ಜುತ್ತದೆ, ಹೊಲಿಯುವಾಗ ನಿಮ್ಮ ಕೈಯೇ ದಾರವನ್ನು ಸ್ವಲ್ಪ ಸ್ವಲ್ಪ ತಿರುಚುತ್ತಿರುತ್ತದೆ. ಹುರಿ ಬಿಚ್ಚಿತು ಅಂದರೆ ಮುಗಿಯಿತು.

ಎರಡು ಎಳೆ ಸೇರಿಸಿ. ಪ್ರದಕ್ಷಿಣೆಯ ದಿಕ್ಕಿನಲ್ಲಿ ನೂತಿದ್ದರೆ, ಎರಡನ್ನೂ ಜೋಡಿಸಿ ಅದಕ್ಕೆ ವಿರುದ್ಧ ದಿಕ್ಕಿನಲ್ಲಿ ಹುರಿ ಹಾಕಿ. ಒಂದೇ ದಿಕ್ಕಿನಲ್ಲಿ ಹಾಕಿದರೆ ಗಂಟುಗಂಟಾಗಿ ಮುದುಡಿಕೊಳ್ಳುತ್ತದೆ. ಆಮೇಲೆ ದೊಡ್ಡ ಬಳೆಯ ಹಾಗೆ ಸುತ್ತಿ ಲಡಿ ಮಾಡಿ, ನಾಲ್ಕು ಕಡೆ ಸಡಿಲವಾಗಿ ಕಟ್ಟಿ, ಸ್ವಲ್ಪ ವಾಷಿಂಗ್ ಸೋಡಾ ಹಾಕಿದ ನೀರಿನಲ್ಲಿ ಕುದಿಸಿ. ನೀರು ಕಂದು ಬಣ್ಣಕ್ಕೆ ತಿರುಗಿದರೆ ಗಾಬರಿ ಬೇಡ. ಹತ್ತಿಯ ಮೇಣ ಮತ್ತು ಕೊಳೆ ಬಿಡುವಾಗ ಹಾಗಾಗುತ್ತದೆ. ಹುರಿಯೂ ಅದರಲ್ಲೇ ಕೂರುತ್ತದೆ. ಚೆನ್ನಾಗಿ ತೊಳೆದು ಒಣಗಿಸಿದ ಮೇಲೆ ಲಡಿಯನ್ನು ಹಾಗೇ ಇಳಿಬಿಟ್ಟು ನೋಡಿ. ತಿರುಚಿಕೊಳ್ಳದೆ ಸುಮ್ನೆ ನೇತಾಡಿದರೆ ಸರಿಯಾಗಿದೆ.

ಅಂಗಡಿಯ ದಾರವನ್ನು ಮೊಣಕೈಯಿಂದ ಬೆರಳ ತುದಿಯವರೆಗೆ, ಸುಮಾರು 45 ಸೆಂಟಿಮೀಟರ್ ಕತ್ತರಿಸುತ್ತೇವೆ ಅಲ್ವಾ? ನಿಮ್ಮ ನೂಲನ್ನು 30ಕ್ಕೆ ಕತ್ತರಿಸಿ. ದೊಡ್ಡ ಕಣ್ಣಿನ ಚೂಪು ಸೂಜಿ ಹಿಡಿಯಿರಿ. ಸೂಜಿ ಮಾಡಿದ ತೂತು ದೊಡ್ಡದಿದ್ದಷ್ಟೂ ನೂಲಿಗೆ ಉಜ್ಜುವಿಕೆ ಕಮ್ಮಿ. ನೂಲನ್ನು ಬೆರಳ ನಡುವೆ ಎರಡೂ ಕಡೆಗೆ ಎಳೆದು ನೋಡಿ, ಒಂದು ಕಡೆಗೆ ನುಣುಪಾಗಿ ಜಾರುತ್ತದೆ. ಆ ದಿಕ್ಕಿನಲ್ಲೇ ಪೋಣಿಸಿ. ಇಷ್ಟಾದರೂ ಕಿತ್ತುಹೋದರೆ ಕೌಚಿಂಗ್ ಮಾಡಿ. ನಿಮ್ಮ ನೂಲನ್ನು ಬಟ್ಟೆಯ ಮೇಲೆ ಮಲಗಿಸಿ, ಇನ್ನೊಂದು ಸಣ್ಣ ದಾರದಿಂದ ಅಲ್ಲಲ್ಲಿ ಅಡ್ಡ ಕಟ್ಟುತ್ತಾ ಹೋಗುವುದು. ನೂಲು ಬಟ್ಟೆಯೊಳಗೆ ಹೋಗಿಬರುವ ಕಾಟವೇ ಇಲ್ಲ. ಕೈನೂಲಿನ ಏರುಪೇರು ಅಲ್ಲಿ ಚಂದ ಕಾಣುತ್ತದೆ. ನನ್ನನ್ನು ಕೇಳಿದರೆ ಇದನ್ನೇ ಮೊದಲು ಮಾಡಿ ಅನ್ನುತ್ತೇನೆ.

ಪ್ರಶ್ನೆ: ಎ4 ಅಳತೆಯ ದಪ್ಪ ಹಾಳೆಯನ್ನು ಅರ್ಧಕ್ಕೆ ಮಡಚಿ ಶುಭಾಶಯ ಪತ್ರ ಮಾಡಿದರೆ ಮಡಿಕೆಯಲ್ಲಿ ಬಿರುಕು ಬಿಡುತ್ತದೆ. ಹಾಳೆ ಕಳಪೆಯೇ?
– ಮಡಿಕೆಗೆ ಸೋತವಳು

ಉತ್ತರ: ಹಾಳೆಯನ್ನು ಬೈಯಬೇಡಿ. ಯಂತ್ರದಲ್ಲಿ ಕಾಗದ ತಯಾರಾಗುವಾಗ ನಾರುಗಳು ಹೆಚ್ಚಾಗಿ ಹಾಳೆ ಓಡುವ ದಿಕ್ಕಿಗೇ ಮಲಗುತ್ತವೆ. ಆ ದಿಕ್ಕಿಗೆ ಸಮನಾಗಿ ಮಡಚಿದರೆ ಸಲೀಸು, ಅಡ್ಡಲಾಗಿ ಮಡಚಿದರೆ ನಾರು ಮುರಿದು ಬಿರುಕು. ಎ4 ಹಾಳೆಯಲ್ಲಿ ನಾರು ಸಾಮಾನ್ಯವಾಗಿ 297 ಮಿಲಿಮೀಟರಿನ ಉದ್ದ ಬದಿಗೆ ಸಮನಾಗಿರುತ್ತದೆ. ನೀವು ಅರ್ಧಕ್ಕೆ ಮಡಚುವುದು ಅದಕ್ಕೆ ಅಡ್ಡ. ಪರೀಕ್ಷೆಗೆ ಹಾಳೆಯನ್ನು ಎರಡೂ ಕಡೆಯಿಂದ ಮೆಲ್ಲಗೆ ಬಾಗಿಸಿ, ಯಾವ ಕಡೆ ಸುಲಭವಾಗಿ ಬಾಗುತ್ತದೋ ಮಡಿಕೆ ಆ ಕಡೆಗೆ.

ಪತ್ರ ಚಿಕ್ಕದಾದರೂ ಪರವಾಗಿಲ್ಲ ಅನ್ನುವುದಾದರೆ ಎ4 ಅನ್ನು ಮೊದಲು ಎರಡು ತುಂಡು ಮಾಡಿ, ಒಂದೊಂದನ್ನೂ ಮತ್ತೆ ಅರ್ಧಕ್ಕೆ ಮಡಚಿ. ಈಗ ಮಡಿಕೆ ನಾರಿನ ದಿಕ್ಕಿಗೇ ಬೀಳುತ್ತದೆ. ಒಂದು ಹಾಳೆಗೆ ಎರಡು ಪತ್ರ. ದೊಡ್ಡದೇ ಬೇಕಿದ್ದರೆ ಮಡಚುವ ಮೊದಲು ಗೆರೆಯನ್ನು ಚೆನ್ನಾಗಿ ಒತ್ತಿ. ಅಂದ ಹಾಗೆ, ಅಂಟಿಸಿದ ಮೇಲೆ ಕಾಗದ ಅಲೆಅಲೆಯಾಗುವುದಕ್ಕೂ ನಾರೇ ಕಾರಣ. ತೇವ ಕುಡಿದ ನಾರು ಉದ್ದಕ್ಕಿಂತ ಅಗಲಕ್ಕೆ ಜಾಸ್ತಿ ಉಬ್ಬುತ್ತದೆ. ಅಂಟು ತೆಳುವಾಗಿ ಹಚ್ಚಿ, ರಾತ್ರಿಯಿಡೀ ಭಾರದ ಕೆಳಗೆ ಇಡಿ. ಅದರ ಮೇಲೆ ಗ್ಲಿಟರ್ ಸುರಿಯುವುದು ನಿಮ್ಮಿಷ್ಟ. ನನಗಂತೂ ಆಗದು, ಮೂರು ತಿಂಗಳಾದರೂ ಕಸೂತಿ ಬಟ್ಟೆಯಲ್ಲಿ ಸಿಗುತ್ತಿರುತ್ತದೆ.

ಪ್ರಶ್ನೆ: ನನಗೆ ಅರವತ್ತೈದು. ಇಷ್ಟು ವರ್ಷ ಕಸೂತಿ ಮಾತ್ರ ಹಾಕಿದ್ದೇನೆ. ಕಾಗದದ ಕೆಲಸ ಈಗ ಶುರು ಮಾಡಿದರೆ ಜನ ನಗುತ್ತಾರಾ?
– ಹೆಸರು ಬೇಡ

ಉತ್ತರ: ಇಂಗ್ಲೆಂಡಿನ ಮೇರಿ ಡೆಲಾನಿ ಹುಟ್ಟಿದ್ದು 1700ರಲ್ಲಿ. ಆಕೆಯೂ ಚಿಕ್ಕಂದಿನಿಂದ ಸೂಜಿದಾರದ ಕೈ. ಬಣ್ಣದ ಕಾಗದವನ್ನು ಕತ್ತರಿಸಿ, ಕಪ್ಪು ಹಿನ್ನೆಲೆಯ ಮೇಲೆ ಅಂಟಿಸಿ ಹೂವು ಮಾಡಲು ಕೂತಾಗ ವಯಸ್ಸು ಎಪ್ಪತ್ತು ದಾಟಿತ್ತು. ಕಣ್ಣು ಮಂಜಾಗುವವರೆಗಿನ ಹತ್ತು ವರ್ಷಗಳಲ್ಲಿ 900ಕ್ಕೂ ಹೆಚ್ಚು ಹೂಗಳನ್ನು ಮಾಡಿದರು. ಅವು ಈಗ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿವೆ. ನೀವಿನ್ನೂ ಚಿಕ್ಕವರು. ಎಸಳಿನ ಮೇಲೆ ನೆರಳು ಯಾವ ಕಡೆ ಬೀಳುತ್ತದೆ ಅಂತ ಕಸೂತಿಯಲ್ಲಿ ನೋಡಿ ನೋಡಿ ನಿಮಗೆ ಗೊತ್ತೇ ಇದೆ. ಹೊಸದಾಗಿ ಕಲಿಯಬೇಕಾದದ್ದು ಅಂಟಿನ ಹದ ಮಾತ್ರ.

ಪ್ರಶ್ನೆ: ಒಂದು ಕಸೂತಿ ವರ್ಷಗಳಿಂದ ಹಾಗೇ ಬಿದ್ದಿದೆ. ಈಗ ಅದರ ಬಣ್ಣವೇ ನನಗೆ ಇಷ್ಟವಿಲ್ಲ. ಮುಗಿಸಲೇಬೇಕಾ?
– ಮನಸ್ಸು ಬದಲಾದವಳು

ಉತ್ತರ: ಬೇಕಿಲ್ಲ. ಬಟ್ಟೆ ಚೆನ್ನಾಗಿದ್ದರೆ ಅದನ್ನು ಉಳಿಸಿಕೊಳ್ಳಿ. ಹಿಂಬದಿಯಿಂದ ಸಣ್ಣ ಕತ್ತರಿಯಲ್ಲಿ ಹೊಲಿಗೆಗಳನ್ನು ಕತ್ತರಿಸಿ, ಮುಂಬದಿಯಿಂದ ಚಿಮುಟದಲ್ಲಿ ಎಳೆಗಳನ್ನು ಎತ್ತಿ ತೆಗೆಯಿರಿ. ಉದ್ದ ದಾರವನ್ನು ಹಾಗೇ ಎಳೆದರೆ ಬಟ್ಟೆಯ ನೇಯ್ಗೆ ಜರುಗುತ್ತದೆ. ತೂತು ಕಂಡರೆ ಬಟ್ಟೆಯನ್ನು ಒದ್ದೆ ಮಾಡಿ ಉಗುರಿನಿಂದ ಉದ್ದಕ್ಕೂ ಅಡ್ಡಕ್ಕೂ ಮೆಲ್ಲಗೆ ಗೀರಿ, ಬಹುಪಾಲು ಮುಚ್ಚಿಕೊಳ್ಳುತ್ತವೆ. ಬಿಚ್ಚಿದ ದಾರ ಮತ್ತೆ ಹೊಲಿಯಲು ಬಾರದು. ಬಳಸದೆ ಉಳಿದ ದಾರ ಇದೆಯಲ್ಲ, ಅದನ್ನು ಎತ್ತಿಡಿ. ಪೂರ್ತಿ ಲಡಿ ಅಂದರೆ ಸಾಮಾನ್ಯವಾಗಿ 8 ಮೀಟರ್, 6 ಎಳೆ. ಎರಡೆಳೆಯಲ್ಲಿ ಹೊಲಿದರೆ 24 ಮೀಟರ್ ಸಿಗುತ್ತದೆ. ಹೂವಿಗೆ ಹಿಡಿಸದ ಬಣ್ಣ ಕೌಚಿಂಗಿನ ಅಡ್ಡಕಟ್ಟಿಗೆ ನಡೆಯುತ್ತದೆ.