ಅಂಟಾರ್ಕ್ಟಿಕಾದ ಡಯಾಟಮ್‌ಗಳಲ್ಲಿ, ಅಂದರೆ ಒಂದೇ ಕೋಶದ ಸೂಕ್ಷ್ಮ ಪಾಚಿಗಳಲ್ಲಿ, ಹೊಸ ಪ್ರಭೇದ ಹುಡುಕಬೇಕು. ಡಿಎನ್‌ಎ ಕೆಲಸ ಕಲಿಯಲಾ, ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ಕಲಿಯಲಾ?

ಮಂಗಳೂರಿನಲ್ಲಿ ಎಂಎಸ್ಸಿ ಮುಗಿಸಿದ ಹೊಸತರಲ್ಲಿ ನಾನೂ ಇದನ್ನೇ ಕೇಳುತ್ತಾ ತಿರುಗಿದ್ದೆ. ಆಗ ಪರಿಚಯದವರೊಬ್ಬರು ಅಂಟಾರ್ಕ್ಟಿಕಾದಲ್ಲಿರುವ ಭಾರತದ ಸಂಶೋಧನಾ ಕೇಂದ್ರ ‘ಭಾರತಿ’ಯ ಕಡೆಯಿಂದ ಕಡಲ ಮಂಜುಗಡ್ಡೆ ಕರಗಿಸಿದ ನೀರು ತಂದುಕೊಟ್ಟರು. ಅರ್ಧ ಲೀಟರ್. ತಳದಲ್ಲಿ ಕಷಾಯದ ಗಸಿಯ ಹಾಗೆ ಕಂದು ಪದರ. ಎಲ್ಲ ಜೀವಂತ ಡಯಾಟಮ್‌ಗಳು.

ಮಲ್ಪೆಯ ನೀರಿಗೆ ಹಾಕಿ ಹಾಕಿ ಕೈಗೆ ಅಭ್ಯಾಸವಾಗಿತ್ತು. ಮಾದರಿ ಕೊಳೆಯದಂತೆ ಹಾಕುವ ಫಾರ್ಮಾಲಿನ್ ಅನ್ನು ಇಡೀ ಬಾಟಲಿಗೆ ಸುರಿದುಬಿಟ್ಟೆ. ಚಿಪ್ಪು ಗಾಜಿನಂಥ ಸಿಲಿಕಾ, ಅದಕ್ಕೇನೂ ಆಗಲಿಲ್ಲ. ಒಳಗಿನ ಜೀವ ಹೋಯಿತು, ಡಿಎನ್‌ಎ ಕೆಟ್ಟಿತು. 100 ಎಂಎಲ್ ಬೇರೆ ತೆಗೆದು 4 ಡಿಗ್ರಿ ತಂಪಿನಲ್ಲಿ, ಮಂದ ಬೆಳಕಿನಲ್ಲಿ ಇಟ್ಟಿದ್ದರೆ ಸಾಕಿತ್ತು. ಇನ್ನೊಂದಿಷ್ಟನ್ನು ಸೋಸಿ ಫಿಲ್ಟರನ್ನು ಫ್ರೀಜರಿಗೆ ಹಾಕಿದ್ದರೆ ಡಿಎನ್‌ಎಯೂ ಉಳಿಯುತ್ತಿತ್ತು. ಹತ್ತು ನಿಮಿಷದ ಕೆಲಸ ಅದು.

ಆಮೇಲೆ ಆ ನೀರಿನಲ್ಲೇ ಫ್ರಾಜಿಲೇರಿಯಾಪ್ಸಿಸ್ ಅನ್ನೋ ಕುಲದ ಒಂದು ಪುಟ್ಟ ಡಯಾಟಮ್ ಸಿಕ್ಕಿತು. 10 ಮೈಕ್ರಾನ್, ಅಂದರೆ ಮಿಲಿಮೀಟರಿನ ನೂರನೇ ಒಂದು ಭಾಗ ಕೂಡ ಇಲ್ಲ, ತುದಿಗಳು ದುಂಡಗೆ. ಯಾವ ಚಿತ್ರಕ್ಕೂ ಹೊಂದಲಿಲ್ಲ. ಹೊಸದೇ ಅಂದುಕೊಂಡು ಎರಡು ವರ್ಷ ಅದರ ಹಿಂದೆ ಬಿದ್ದೆ. ಆದರೆ ಡಯಾಟಮ್ ಎರಡಾಗುವಾಗ ಹೊಸ ಅರ್ಧ ಚಿಪ್ಪು ಹಳೆಯದರ ಒಳಗೇ ಬೆಳೆಯುತ್ತದೆ, ಡಬ್ಬಿಯೊಳಗೆ ಡಬ್ಬಿ ಕೂತ ಹಾಗೆ. ತಲೆಮಾರು ಕಳೆದಂತೆ ಗಾತ್ರ ಕುಗ್ಗುತ್ತದೆ, ಆಕಾರವೂ ಬದಲಾಗುತ್ತದೆ. ಲ್ಯಾಬಿನಲ್ಲಿ ಬೆಳೆಸಿದ ಜೀವಂತ ಕಲ್ಚರ್ ಇದ್ದಿದ್ದರೆ ಅದು ಮತ್ತೆ ದೊಡ್ಡದಾಗುವುದನ್ನು ಕಾದು ನೋಡಬಹುದಿತ್ತು. ನನ್ನ ಬಳಿ ಬರೀ ಸತ್ತ ಚಿಪ್ಪು. ಕೊನೆಗೆ 200 ಚಿಪ್ಪುಗಳನ್ನು ಉದ್ದದ ಪ್ರಕಾರ ಸಾಲಾಗಿ ಜೋಡಿಸಿದೆ. ನಡುವೆ ಎಲ್ಲೂ ಗಡಿ ಸಿಗಲಿಲ್ಲ. ಚಿಪ್ಪಿನ ಮೇಲಿನ ಗೆರೆಗಳು ಎಲ್ಲದರಲ್ಲೂ 10 ಮೈಕ್ರಾನಿಗೆ 11ರ ಆಸುಪಾಸು. ಮೊದಲೇ ಹೆಸರಿದ್ದ ಫ್ರಾಜಿಲೇರಿಯಾಪ್ಸಿಸ್ ಕರ್ಟಾದ ಕುಗ್ಗಿದ ರೂಪ ಅದು. ಬರೆದ ಲೇಖನ ಹಿಂದಕ್ಕೆ ತೆಗೆದುಕೊಂಡ ದಿನ ಊಟ ಸೇರಲಿಲ್ಲ.

ಹಾಗಾಗಿ ಇದಾ, ಅದಾ ಅನ್ನೋ ನಿಮ್ಮ ಪ್ರಶ್ನೆಯೇ ನನಗೆ ಸರಿ ಅನಿಸಲ್ಲ. ಎರಡೂ ಆಮೇಲೆ ಬೇಕೇ ಬೇಕು. ಮೊದಲು ಒಂದೇ ಪ್ರಭೇದ ಎಷ್ಟು ವೇಷ ಹಾಕುತ್ತದೆ ಅಂತ ನಿಮ್ಮ ಕಣ್ಣಿಗೆ ಗೊತ್ತಾಗಬೇಕು, ಅಲ್ವಾ? ಅದಕ್ಕೆ ಅಂಟಾರ್ಕ್ಟಿಕಾ ಬೇಡ. ಬೆಂಗ್ರೆಯ ಹತ್ತಿರ ನೇತ್ರಾವತಿ, ಗುರುಪುರ ನದಿಗಳು ಕಡಲು ಸೇರುವಲ್ಲಿ ಒಂದು ಬಾಟಲಿ ನೀರು ತನ್ನಿ. ಒಂದೇ ಕೋಶ ಹೆಕ್ಕಿ ವರ್ಷವಿಡೀ ಬೆಳೆಸಿ. ವಾರಕ್ಕೊಮ್ಮೆ ಉದ್ದ ಅಳೆಯಿರಿ, ಗೆರೆ ಎಣಿಸಿ, ಕೈಯಲ್ಲೇ ಚಿತ್ರ ಬಿಡಿಸಿ. ಮಳೆಗಾಲಕ್ಕೆ ಮೊದಲೇ ಮೈಕ್ರೋಸ್ಕೋಪಿನ ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಇಡಿ. ನಮ್ಮೂರಿನ ತೇವಕ್ಕೆ ಲೆನ್ಸಿಗೆ ಬೂಸ್ಟು ಬೇಗ ಹಿಡಿಯುತ್ತದೆ.