ಸಂಪಾದಕರ ಉತ್ತರ: ಮುರುಗಲು ಬೀಜ ಎಸೆಯಬೇಡಿ

ಶಿರಸಿಯ ಸಹೋದರಿಗೆ ನಮಸ್ಕಾರ.

ಹುಲೇಕಲ್ ಕಡೆ ಆರು ಮಂದಿ ಹೆಂಗಸರನ್ನು ಕಟ್ಟಿಕೊಂಡು ಮುರುಗಲು (ಕೋಕಂ) ಸಿರಪ್, ಹಲಸಿನ ಹಪ್ಪಳ, ಬಾಳೆಕಾಯಿ ಚಿಪ್ಸ್ ಮಾಡುತ್ತಿದ್ದೀರಿ. ತರಬೇತಿಯೊಂದರಲ್ಲಿ 'ಸರ್ಕ್ಯುಲರ್ ಎಕಾನಮಿ', ಅಂದರೆ ಒಂದು ಕೆಲಸದ ಕಸವನ್ನೇ ಇನ್ನೊಂದಕ್ಕೆ ಮಾಲಾಗಿಸುವ ಪದ್ಧತಿಯ ಬಗ್ಗೆ ಕೇಳಿದಿರಂತೆ. "ಇದೆಲ್ಲ ದೊಡ್ಡ ಕಂಪನಿಗಳಿಗೆ ಸರಿ, ನಮ್ಮಂಥವರಿಗೆ ಕಸದಿಂದ ಏನು ಗಿಟ್ಟೀತು? ಸಾಲ ಮಾಡಿ ಅಡಿಕೆ ಹಾಳೆ ತಟ್ಟೆಯ ಮಷೀನ್ ಹಾಕಲೇ?" ಎಂದು ಬರೆದಿದ್ದೀರಿ.

ಗಿಟ್ಟುತ್ತದೆ. ಆದರೆ ಮಷೀನಿನಿಂದ ಶುರು ಮಾಡಬೇಡಿ, ತಕ್ಕಡಿಯಿಂದ ಶುರು ಮಾಡಿ. ಒಂದು ವಾರ ಘಟಕದಿಂದ ಹೊರಗೆ ಹೋಗುವ ಪ್ರತಿ ಬುಟ್ಟಿಯನ್ನೂ ತೂಗಿ ಬರೆದಿಡಿ. ಹಲಸಿನ ಹಣ್ಣಿನಲ್ಲಿ ಅರ್ಧಕ್ಕಿಂತ ಜಾಸ್ತಿ ಸಿಪ್ಪೆ ಮತ್ತು ನಾರೇ ಇರುತ್ತದೆ. ದುಡ್ಡು ಕೊಟ್ಟು ತಂದ ಮಾಲಿನ ದೊಡ್ಡ ಪಾಲು ಹಿತ್ತಿಲಲ್ಲಿ ಕೊಳೆಯುತ್ತಿದೆ ಅಂತ ಪುಸ್ತಕದಲ್ಲಿ ಕಂಡಾಗ ಮುಂದಿನ ಯೋಚನೆ ತಾನಾಗಿ ಬರುತ್ತದೆ.

ಆಮೇಲೆ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಇದನ್ನು ಇಟ್ಟರೆ ಎಷ್ಟು ದಿನ ಇರುತ್ತದೆ? ನನ್ನ ಪ್ರಕಾರ ಸಣ್ಣ ಘಟಕಕ್ಕೆ ಇದಕ್ಕಿಂತ ಮುಖ್ಯವಾದ ಲೆಕ್ಕ ಇನ್ನೊಂದಿಲ್ಲ. ಹಲಸಿನ ಸಿಪ್ಪೆ ಮರುದಿನವೇ ನಾರುತ್ತದೆ. ಅದಕ್ಕೆ ಗಿರಾಕಿ ಕಾರವಾರದಲ್ಲೋ ಹುಬ್ಬಳ್ಳಿಯಲ್ಲೋ ಇದ್ದರೆ ಪ್ರಯೋಜನ ಇಲ್ಲ, ಪಕ್ಕದ ಕೊಟ್ಟಿಗೆಯಲ್ಲೇ ಇರಬೇಕು. ದನಕ್ಕೆ ಅದು ಇಷ್ಟ. ಉಳಿದದ್ದನ್ನು ಸಣ್ಣಗೆ ಕೊಚ್ಚಿ ಸೆಗಣಿ ಜೊತೆ ಗೋಬರ್ ಗ್ಯಾಸಿಗೆ ಹಾಕಬಹುದು. ಗೋಬರ್ ಗ್ಯಾಸ್ ವಿಷಯದಲ್ಲಿ ಶಿರಸಿ ಎಷ್ಟು ಮುಂದಿದೆಯೆಂದರೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಅದನ್ನು ಅಧ್ಯಯನ ಮಾಡಿದ್ದಾರೆ. ಬೆಟ್ಟದ ದರಕು (ಒಣ ಎಲೆ) ಕೊಟ್ಟಿಗೆಗೆ, ಕೊಟ್ಟಿಗೆಯ ಗೊಬ್ಬರ ತೋಟಕ್ಕೆ ಅಂತ ಬದುಕಿದ ಊರು ನಿಮ್ಮದು. ತರಬೇತಿಯವರು ಹೇಳಿದ್ದು ನಿಮಗೆ ಹೊಸದೇನಲ್ಲ, ಅಲ್ವಾ? ಒಂದು ಎಚ್ಚರಿಕೆ: ಮುರುಗಲು ಸಿಪ್ಪೆಯನ್ನು ಗ್ಯಾಸ್ ಗುಂಡಿಗೆ ಸುರಿಯಬೇಡಿ. ಹುಳಿ ಜಾಸ್ತಿಯಾದರೆ ಗ್ಯಾಸ್ ಹುಟ್ಟಿಸುವ ಸೂಕ್ಷ್ಮಜೀವಿಗಳು ಸೋಲುತ್ತವೆ. ರಸ ಬಿಟ್ಟ ಸಿಪ್ಪೆಯಲ್ಲಿ ಸಕ್ಕರೆ ಉಳಿದಿರುತ್ತದೆ. ಚೆನ್ನಾಗಿ ಒಣಗಿಸಿದರೆ ಅದನ್ನೇ ಬಾಯಾಡಿಸಲು ಮಾರಬಹುದು.

ಮುರುಗಲು ಬೀಜದ ಕತೆಯೇ ಬೇರೆ. ತೊಳೆದು ಒಣಗಿಸಿದರೆ ಅದು ತಿಂಗಳುಗಟ್ಟಲೆ ಇರುತ್ತದೆ. ಬೀಜ ಒಡೆದು, ಒಳಗಿನ ತಿರುಳು ಕುಟ್ಟಿ, ನೀರಲ್ಲಿ ಕುದಿಸಿದರೆ ಕೊಬ್ಬು ಮೇಲೆ ತೇಲುತ್ತದೆ. ತಣ್ಣಗಾದ ಮೇಲೆ ಬೆಳ್ಳಗೆ ಗಟ್ಟಿಯಾಗುವ ಆ ಮುರುಗಲು ತುಪ್ಪವನ್ನು ನಮ್ಮ ಅಜ್ಜಿಯಂದಿರು ಒಡೆದ ಹಿಮ್ಮಡಿಗೆ ಹಚ್ಚುತ್ತಿದ್ದರು. ಇವತ್ತು ಸೋಪು, ಕ್ರೀಮು, ಲಿಪ್‌ಸ್ಟಿಕ್ ಮಾಡುವವರು 'ಕೋಕಂ ಬಟರ್' ಅಂತ ಕೊಳ್ಳುವುದು ಇದನ್ನೇ. ಸಮಸ್ಯೆ ಹಂಗಾಮಿನದು. ಹಣ್ಣು ಬರುವುದು ಏಪ್ರಿಲ್-ಮೇ ತಿಂಗಳಲ್ಲಿ, ಬೆನ್ನಿಗೇ ಮಳೆ. ಆ ಕೆಲವು ವಾರಗಳಲ್ಲಿ ಬೀಜ ಒಣಗಿಸಲು ಆಗದಿದ್ದರೆ ಬೂಸ್ಟು ಹಿಡಿದು ಎಲ್ಲವೂ ತಿಪ್ಪೆಗೇ. ಹಾಗಾಗಿ ದುಡ್ಡು ಹಾಕುವುದಾದರೆ ಮೊದಲು ಡ್ರೈಯರಿಗೆ ಹಾಕಿ. ಅದನ್ನೂ ಒಬ್ಬರೇ ಕೊಳ್ಳಬೇಡಿ. ನಾಲ್ಕೈದು ಘಟಕದವರು ಸೇರಿದರೆ ಬೀಜವೂ ಮಾರುವಷ್ಟಾಗುತ್ತದೆ, ಖರ್ಚೂ ಹಂಚಿ ಹೋಗುತ್ತದೆ.

ಕರಾವಳಿಯಲ್ಲೂ ಇದೇ ಪಾಡು. ಸಿಗಡಿಯ ಸಿಪ್ಪೆಗೆ ಗಟ್ಟಿತನ ಕೊಡುವ ಕೈಟಿನ್ ಎಂಬ ವಸ್ತುವನ್ನು ಅದರಿಂದ ತೆಗೆಯಬಹುದು, ಅದಕ್ಕೆ ಬೇಡಿಕೆಯೂ ಇದೆ. ಆದರೆ ಕಾರವಾರದ ಬೈತಖೋಲ ಬಂದರಿನಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಯೇ ಬಂದ್. 61 ದಿನ ಖಾಲಿ ಕೂರುವ ಮಷೀನಿನ ಸಾಲದ ಕಂತು ಮಾತ್ರ ನಿಲ್ಲುವುದಿಲ್ಲ.

ಚಿಪ್ಸ್ ಕರಿದ ಎಣ್ಣೆಯ ಬಗ್ಗೆ ನೀವು ಬರೆದಿಲ್ಲ, ನಾನೇ ಹೇಳುತ್ತೇನೆ. ಎಣ್ಣೆಯಲ್ಲಿ ಪೋಲಾರ್ ಅಂಶ (ಮತ್ತೆ ಮತ್ತೆ ಕಾಯಿಸಿದಾಗ ಎಣ್ಣೆ ಕೆಟ್ಟು ಹೆಚ್ಚುವ ಅಂಶ) ಶೇಕಡಾ 25 ದಾಟಿದರೆ ಮತ್ತೆ ಕರಿಯಲು ಬಳಸುವಂತಿಲ್ಲ ಎಂಬ ನಿಯಮ 2018ರಿಂದ ಇದೆ. ಹಳೇ ಎಣ್ಣೆಯನ್ನು ಬಯೋಡೀಸೆಲ್‌ಗೆ ಒಯ್ಯುವ 'ರುಕೋ' ಯೋಜನೆಯೂ ಆ ವರ್ಷವೇ ಬಂತು. ನಿಮ್ಮೊಬ್ಬರ ಎಣ್ಣೆಗೆ ಗಾಡಿ ಬರಲಿಕ್ಕಿಲ್ಲ. ಬೇಕರಿ, ಖಾನಾವಳಿಯವರ ಜೊತೆ ಸೇರಿ ಒಂದು ಡ್ರಮ್ ತುಂಬಿಸಿ ಕರೆಸಿ. ಅಗ್ಗಕ್ಕೆ ಕೇಳುವ ಬೇರೆ ಯಾರಿಗೂ ಕೊಡಬೇಡಿ, ದಯವಿಟ್ಟು. ಅದು ಯಾರದೋ ಮಗುವಿನ ತಟ್ಟೆಗೆ ಹೋಗಿ ಬೀಳುತ್ತದೆ.

ಸಿರಪ್ ಬಾಟ್ಲಿ ಗಾಜಿನದಾದರೆ ಹತ್ತಿರದ ಅಂಗಡಿಗಳಿಂದ ಡೆಪಾಸಿಟ್ ಮೇಲೆ ವಾಪಸ್ ತರಿಸಿ. ಗೋಲಿ ಸೋಡಾ ನಡೆದದ್ದೇ ಹಾಗೆ. ಬಿಸಿನೀರಲ್ಲಿ ಕುದಿಸಿ ತೊಳೆಯಬೇಕು, ಮುಚ್ಚಳ ಮಾತ್ರ ಹೊಸದೇ ಬೇಕು. ದೂರದ ಊರಿಗೆ ಇದು ಗಿಟ್ಟುವುದಿಲ್ಲ, ಬಿಡಿ.

ಇನ್ನು ಹಾಳೆ ತಟ್ಟೆ. ತೋಟದಲ್ಲಿ ಉದುರಿದ ಹಾಳೆ ತಟ್ಟೆಯಾಗುವುದು ನನಗೂ ಇಷ್ಟದ ಸಂಗತಿ. ಆದರೆ 2025ರ ಮೇ ತಿಂಗಳಲ್ಲಿ ಅಮೆರಿಕದ ಆಹಾರ-ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಅಡಿಕೆ ಹಾಳೆ ತಟ್ಟೆಗಳ ಆಮದಿಗೆ ತಡೆ ಹಾಕಿತು. ಅಡಿಕೆಯಲ್ಲಿರುವ ಅರೆಕೊಲಿನ್‌ನಂಥ ಅಂಶ ಊಟಕ್ಕೆ ಸೇರಬಹುದು ಎಂಬುದು ಅವರ ಆಕ್ಷೇಪ. ನಮ್ಮ ಬೆಳೆಗಾರರಿಗೆ ಇದರಿಂದ ನೋವಾಗಿದೆ. ಆದರೂ ಸಿಟ್ಟಿನಿಂದ ಉತ್ತರ ಸಿಗುವುದಿಲ್ಲ, ಪ್ರಯೋಗಾಲಯದ ಪರೀಕ್ಷೆಯಿಂದಲೇ ಸಿಗಬೇಕು. ಅಲ್ಲಿವರೆಗೆ ರಫ್ತು ನಂಬಿ ಸಾಲ ಮಾಡಬೇಡಿ.

ಡ್ರೈಯರಿಗೆ ಸಹಾಯಧನ ಬೇಕಾದರೆ ಸಣ್ಣ ಆಹಾರ ಘಟಕಗಳಿಗೆ ನೆರವಾಗುವ ಕೇಂದ್ರ ಸರ್ಕಾರದ ಪಿಎಂಎಫ್‌ಎಂಇ ಯೋಜನೆ ಬಗ್ಗೆ ಕೃಷಿ ಇಲಾಖೆಯಲ್ಲಿ ವಿಚಾರಿಸಿ. 2020ರಲ್ಲಿ ಶುರುವಾದಾಗ ಅದರಲ್ಲಿ ಸಹಾಯಧನ ಶೇಕಡಾ 35, ಗರಿಷ್ಠ 10 ಲಕ್ಷ ರೂಪಾಯಿ ಅಂತ ಇತ್ತು. ಗುಂಪಾಗಿಯೂ ಅರ್ಜಿ ಹಾಕಬಹುದು. ಹೋಗುವಾಗ ತೂಕ ಬರೆದ ಆ ಪುಸ್ತಕವನ್ನೂ ತಗೊಂಡು ಹೋಗಿ. ಬ್ಯಾಂಕಿನವರು ಮೊದಲು ಕೇಳುವುದೇ ಮಾಲು ಎಷ್ಟು ಸಿಗುತ್ತದೆ ಅಂತ.